ಮನೆಯಲ್ಲೇ ವೇಟ್‌ಲಿಫ್ಟಿಂಗ್ ಪ್ಲಾಟ್‌ಫಾರ್ಮ್: ಐದು ಪ್ಲೈ, ಎರಡು ರಬ್ಬರ್ ಪಟ್ಟಿ, ಗಟ್ಟಿ ನೆಲ

ಎರಡೂ ತುದಿಗೆ ಪ್ಲೇಟ್, ಅಂದರೆ ತೂಕದ ಬಿಲ್ಲೆ, ಹಾಕಿದ ಬಾರ್ ಎತ್ತಿ ಕೈಬಿಡಲು ಮರ ಮತ್ತು ರಬ್ಬರಿನಲ್ಲಿ ಮಾಡುವ ಹಾಸೇ ಪ್ಲಾಟ್‌ಫಾರ್ಮ್. ಮನೆಯಲ್ಲಿ ಮಾಡಿದ ಪ್ಲಾಟ್‌ಫಾರ್ಮ್ ಒಡೆದಿದ್ದರೆ ಬಿಚ್ಚಿ ನೋಡಿ, ಒಡೆದ ಜಾಗದ ಕೆಳಗೆ ಹೆಚ್ಚಾಗಿ ಪೊಳ್ಳು ಸಿಗುತ್ತದೆ. ಗಟ್ಟಿ ನೆಲಕ್ಕೆ ಅಂಟಿಕೊಂಡು ಕುಳಿತ ಎರಡು ಪದರ ಪ್ಲೈ ವರ್ಷಗಟ್ಟಲೆ ಏಟು ತಿನ್ನುತ್ತದೆ. ಅದೇ ಪ್ಲೈ ಕೆಳಗೆ ಅಂಗೈಯಷ್ಟು ಜಾಗದಲ್ಲಿ 5 ಮಿ.ಮೀ. ಗಾಳಿ ಇದ್ದರೆ ಮೊದಲು ಸದ್ದು ಬದಲಾಗುತ್ತದೆ, ಆಮೇಲೆ ಸ್ಕ್ರೂ ಸಡಿಲಾಗುತ್ತದೆ, ಕೊನೆಗೆ ಪದರ ಬಿಡುತ್ತದೆ. ಲೆಕ್ಕ ನೋಡಿದರೆ ಆಶ್ಚರ್ಯವೇನಿಲ್ಲ. 100 ಕೆ.ಜಿ. ಬಾರ್ ಒಂದೂವರೆ ಮೀಟರ್ ಎತ್ತರದಿಂದ ಬಿದ್ದು 3 ಸೆಂ.ಮೀ. ಒಳಗೆ ನಿಂತರೆ ಆ ಕ್ಷಣ ನೆಲದ ಮೇಲೆ ಬೀಳುವ ಸರಾಸರಿ ಬಲ ಸುಮಾರು 5 ಟನ್ ಭಾರಕ್ಕೆ ಸಮ. ಆದ್ದರಿಂದ ಪ್ಲೈ ಅಂಗಡಿಗೆ ಹೋಗುವ ಮುಂಚೆ ನೆಲ ನೋಡಬೇಕು.

ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ನೆಲಮಾಳಿಗೆಯಿಲ್ಲದ ನೆಲ ಅಂತಸ್ತೇ ಸರಿಯಾದ ಜಾಗ. ಮೇಲಂತಸ್ತಿನ ಆರ್‌ಸಿಸಿ ಸ್ಲ್ಯಾಬನ್ನು ವಾಸದ ಮನೆಗೆಂದು ಪ್ರತಿ ಚದರ ಮೀಟರಿಗೆ 200 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಪ್ಲಾಟ್‌ಫಾರ್ಮಿನ ತೂಕ ಒಟ್ಟು 240 ಕೆ.ಜಿ. ಆಸುಪಾಸು, 6 ಚದರ ಮೀಟರಿಗೆ ಹರಡಿದಾಗ ಅದೇನೂ ಹೆಚ್ಚಲ್ಲ. ಆದರೆ ಆ ಲೆಕ್ಕ ಸುಮ್ಮನೆ ಕೂತ ಭಾರದ್ದು, ಬೀಳುವ ಭಾರದ್ದಲ್ಲ. ಮೇಲಂತಸ್ತಿನಲ್ಲಿ ಸ್ಕ್ವಾಟ್, ಪ್ರೆಸ್, ನಿಧಾನಕ್ಕೆ ಇಳಿಸುವ ಡೆಡ್‌ಲಿಫ್ಟ್ ಇಷ್ಟಕ್ಕೇ ನಿಲ್ಲಿಸಿ. ಸ್ನ್ಯಾಚ್ ಮಾಡಿ, ಅಂದರೆ ಒಂದೇ ಎಳೆತಕ್ಕೆ ತಲೆಯ ಮೇಲೆತ್ತಿ, ಬಾರ್ ಕೈಬಿಡುವುದು ಬೇಡ. ಗದಗ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಂತೂ ಮೇಲೆ ಹೋಗುವ ಮಾತೇ ಬೇಡ.

ಹುಬ್ಬಳ್ಳಿಯ ಕಾಲನಿಗಳಲ್ಲಿ ಬಹಳ ಜನ ಕಾರ್ ಪೋರ್ಚ್ ಆರಿಸಿಕೊಳ್ಳುತ್ತಾರೆ. ಜಾಗ ಸಿಗುತ್ತದೆ, ಗಾಳಿ ಬರುತ್ತದೆ, ನಿಜ. ಆದರೆ ಪೋರ್ಚಿನ ನೆಲಕ್ಕೆ ನೀರು ಹರಿಯಲೆಂದು ಬೇಕೆಂದೇ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದರ ವಾಟವಿದ್ದರೂ 8 ಅಡಿಗೆ 24 ಮಿ.ಮೀ. ಇಳಿತ ಬರುತ್ತದೆ. ಅಲ್ಲಿ ವಾಟಕ್ಕೆ ಅಡ್ಡಲಾಗಿ ಬಾರ್ ಇಟ್ಟರೆ ತಾನೇ ಗೇಟಿನ ಕಡೆ ಉರುಳುತ್ತದೆ, ವಾಟದ ಉದ್ದಕ್ಕಿಟ್ಟರೆ ಎತ್ತುವವನ ಒಂದು ಹಿಮ್ಮಡಿ ಯಾವಾಗಲೂ ಕೆಳಗೆ. ಇದಕ್ಕೆ ರೀಪು, ಅಂದರೆ ಮರದ ಪಟ್ಟಿ, ಕೊಟ್ಟು ಮಟ್ಟ ಮಾಡುವವರಿದ್ದಾರೆ. ರೀಪು ಅಂದರೆ ನಡುವೆಲ್ಲ ಪೊಳ್ಳು, ಅದನ್ನು ಮಾಡಬೇಡಿ. 6ರಿಂದ 12 ಮಿ.ಮೀ. ಸಣ್ಣ ಜಲ್ಲಿಯ ಕಾಂಕ್ರೀಟಿನಲ್ಲಿ, ತೆಳುವಾದ ತುದಿಯಲ್ಲೂ 40 ಮಿ.ಮೀ. ಉಳಿಯುವಂತೆ, 9 ಅಡಿ ಚೌಕದ ಮಟ್ಟದ ಹಾಸು ಹಾಕಿಸಿ. ಹಳೆಯ ನೆಲವನ್ನು ಮೊದಲು ಕಚ್ಚು ಹೊಡೆದು, ತೊಳೆದು, ಸಿಮೆಂಟ್ ಹಾಲು ಬಳಿದಿರಬೇಕು. ಪಶ್ಚಿಮಕ್ಕೆ ತೆರೆದ ಪೋರ್ಚಾದರೆ ಧಾರವಾಡದ ಜೂನ್-ಜುಲೈ ಎರಚಲು ನೇರ ಒಳಗೇ ಬರುತ್ತದೆ. ತಾಡಪತ್ರಿ ಪರದೆಯ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಒಳಗಿನ ಕೋಣೆಯಾದರೆ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತ ಹೋಗಿ. ಶಹಾಬಾದಿ ಫರಸಿಯಾಗಲಿ ವಿಟ್ರಿಫೈಡ್ ಟೈಲ್ಸಾಗಲಿ, ಗಟ್ಟಿ ಕುಳಿತಿದ್ದರೆ ಮೊಂಡು ಸದ್ದು ಬರುತ್ತದೆ, ಪೊಳ್ಳಿದ್ದರೆ ಮಡಕೆ ತಟ್ಟಿದಂತೆ ಕೇಳುತ್ತದೆ. ಪೊಳ್ಳಿರುವ ಕಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ನಡುವೆ, ಕಾಲಿಡುವ ಜಾಗದಲ್ಲಿ ಒಂದೆರಡಿದ್ದರೆ ನಡೆಯುತ್ತದೆ. ಎಡಬಲದಲ್ಲಿ ಪ್ಲೇಟ್ ಬೀಳುವ ಜಾಗದಲ್ಲಿದ್ದರೆ ಆ ಕಲ್ಲುಗಳನ್ನು ಕೀಳಿಸಿ ಕಾಂಕ್ರೀಟ್ ತುಂಬಿಸಲೇಬೇಕು.

ಎರೆಭೂಮಿಯ ಪಾಯ

ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು. ಹಿತ್ತಲಲ್ಲಿ ಶೆಡ್ ಹಾಕಿ ಎರೆಯ ಮೇಲೆ ನೇರ ಕಾಂಕ್ರೀಟ್ ಸುರಿದರೆ ಒಂದು ಮಳೆ, ಒಂದು ಬೇಸಿಗೆ ಕಳೆಯುವುದರೊಳಗೆ ಅದು ನಡುವೆ ಸೀಳುತ್ತದೆ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ ಕೆಂಪು ಮಣ್ಣಿರುವಲ್ಲಿ ಈ ಕಾಟ ಕಡಿಮೆ. ಹಾವೇರಿ ಜಿಲ್ಲೆಯಲ್ಲಿ ಎರಡೂ ಇವೆ, ಹಾಗಾಗಿ ಒಂದು ಅಡಿ ತೋಡಿ ನೋಡಿಯೇ ನಿರ್ಧರಿಸಿ.

ಎರೆಯಾದರೆ 9 ಅಡಿ × 9 ಅಡಿ ಜಾಗದಲ್ಲಿ ಒಂದೂವರೆ ಅಡಿ ಮಣ್ಣು ತೆಗೆದು ಗರಸು ತುಂಬಬೇಕು. ಒಮ್ಮೆಲೇ ಸುರಿದು ಮೇಲಷ್ಟೇ ಬಡಿದರೆ ಕೆಳಗೆ ಸಡಿಲು ಹಾಗೇ ಉಳಿಯುತ್ತದೆ. 6 ಇಂಚು ಹರಡಿ, ನೀರು ಚಿಮುಕಿಸಿ, ಧಿಮ್ಮಸು ಹೊಡೆದು ಮುಂದಿನ 6 ಇಂಚಿಗೆ ಹೋಗಬೇಕು. ಬಡಿದಾಗ ಕುಗ್ಗುವುದನ್ನು ಸೇರಿಸಿ ಗರಸು ಒಂದೂವರೆ ಬ್ರಾಸ್ (150 ಘನ ಅಡಿ) ಹಿಡಿಯುತ್ತದೆ. ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, 8 ಮಿ.ಮೀ. ಸರಳು ಎರಡೂ ದಿಕ್ಕಿಗೆ 8 ಇಂಚಿಗೊಂದರಂತೆ ಕಟ್ಟಿ, 4 ಇಂಚು 1:2:4 ಕಾಂಕ್ರೀಟ್. ಇಷ್ಟು ಜಾಗಕ್ಕೆ 27 ಘನ ಅಡಿ ಕಾಂಕ್ರೀಟ್ ಬೇಕು. ಅಂದರೆ ಸಿಮೆಂಟ್ 5 ಚೀಲ, ಮರಳು 12 ಘನ ಅಡಿ, 20 ಮಿ.ಮೀ. ಜಲ್ಲಿ 24 ಘನ ಅಡಿ. ಕನಿಷ್ಠ 10 ದಿನ ನೀರು ಉಣಿಸಿ. ಬಾರ್ ಎಸೆಯುವುದಕ್ಕೆ 28 ದಿನ ಕಾಯಿರಿ. ಅಷ್ಟರೊಳಗೆ ಪ್ಲೈ, ರಬ್ಬರ್ ಹುಡುಕುವ ಕೆಲಸ ಇದ್ದೇ ಇದೆ.

ಕಾಂಕ್ರೀಟ್ ಎಷ್ಟೇ ಚಂದ ಆಗಿದ್ದರೂ ಗೌಂಡಿಯ 6 ಅಡಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ನಾಲ್ಕೂ ದಿಕ್ಕಿಗೆ ತಿರುಗಿಸಿ ಪರೀಕ್ಷಿಸಿ. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡರೆ ಸರಿಪಡಿಸಬೇಕು. ಉಬ್ಬಿದ್ದರೆ ಗ್ರೈಂಡರಿನಲ್ಲಿ ತೇಯುವುದು ಸುಲಭ. ತಗ್ಗಿದ್ದರೆ ಗೌಂಡಿ ತೆಳ್ಳಗೆ ಸಿಮೆಂಟ್ ಎಳೆದು ಕೊಡುತ್ತೇನೆ ಅನ್ನುತ್ತಾನೆ, ಒಪ್ಪಬೇಡಿ. 10 ಮಿ.ಮೀ.ಗಿಂತ ತೆಳುವಾದ ಗಾರೆ ಏಟಿಗೆ ಪುಡಿಯಾಗಿ, ಆ ಪುಡಿಯೇ ಹೊಸ ಪೊಳ್ಳಾಗುತ್ತದೆ. ಟಾರ್ ಫೆಲ್ಟ್ (ಡಾಂಬರು ಹಾಳೆ) ಅಥವಾ ಹಳೆಯ ಲಿನೋಲಿಯಂ ಚೂರುಗಳನ್ನು ತಗ್ಗಿನ ಆಕಾರಕ್ಕೆ ಕತ್ತರಿಸಿ, ದೊಡ್ಡದರ ಮೇಲೆ ಸಣ್ಣದು ಬರುವಂತೆ ಒಂದೊಂದಾಗಿ ಇಡುತ್ತ ಬನ್ನಿ. ನೋಡಲು ನಕಾಶೆಯಂತೆ ಕಾಣುತ್ತದೆ, ಕೆಲಸ ಮಾತ್ರ ಪಕ್ಕಾ.

ಅಳತೆ ಏಕೆ ಹೀಗೆ

ಸ್ಪರ್ಧೆಯ ಪ್ಲಾಟ್‌ಫಾರ್ಮ್ 4 ಮೀಟರ್ ಚೌಕ. ಮನೆಗೆ 8 ಅಡಿ ಚೌಕ, ಅಂದರೆ 2,440 ಮಿ.ಮೀ. ಸಾಕು. ಪುರುಷರ 20 ಕೆ.ಜಿ. ಬಾರಿನ ಉದ್ದ 2,200 ಮಿ.ಮೀ., ಮಹಿಳೆಯರ 15 ಕೆ.ಜಿ. ಬಾರಿನದು 2,010. ಎರಡರಲ್ಲೂ ಒಳ ಕಾಲರ್‌ಗಳ, ಅಂದರೆ ಪ್ಲೇಟ್ ಒಳಗೆ ಸರಿಯದಂತೆ ತಡೆಯುವ ಉಂಗುರಗಳ, ನಡುವೆ 1,310 ಮಿ.ಮೀ. ಇರುತ್ತದೆ. ನಡುವಿನ ಮರದ ಪಟ್ಟಿ 4 ಅಡಿ, ಅಂದರೆ 1,220 ಮಿ.ಮೀ. ಹೀಗಾಗಿ ಪ್ಲೇಟಿನ ಒಳಮುಖ ಮರದ ಅಂಚಿನಿಂದ ಎರಡೂ ಕಡೆ 45 ಮಿ.ಮೀ. ಆಚೆ ರಬ್ಬರಿನ ಮೇಲೆ ಬೀಳುತ್ತದೆ. ಉಳಿದ 2 ಅಡಿ 2 ಅಡಿ ರಬ್ಬರ್. ಪೂರ್ತಿ ಬಾರಿನ ತುದಿಯಾಚೆಗೂ 120 ಮಿ.ಮೀ. ಉಳಿಯುತ್ತದೆ.

ಈ ಲೆಕ್ಕ ಪೂರ್ಣ ಅಳತೆಯ ಬಾರಿಗೆ ಮಾತ್ರ. ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಸಿಗುವ 5 ಅಡಿ, 6 ಅಡಿ ಬಾರುಗಳಲ್ಲಿ ಕಾಲರ್ ಅಂತರ ಕಡಿಮೆ. ಪ್ಲೇಟ್ ನೇರ ಮರದ ಮೇಲೇ ಬೀಳುತ್ತದೆ. ಮೊದಲು ನಿಮ್ಮ ಬಾರಿನ ಅಂತರ ಅಳೆದು, ಅದರಲ್ಲಿ 90 ಮಿ.ಮೀ. ಕಳೆದು ನಡುವಿನ ಮರದ ಅಗಲ ಇಟ್ಟುಕೊಳ್ಳಿ.

ಗೋಡೆಯಿಂದ ಎಲ್ಲ ಕಡೆ ಕನಿಷ್ಠ 6 ಇಂಚು ಬಿಡಬೇಕು. ಸಾಲುಮನೆಗಳಲ್ಲಿ ಪಕ್ಕದ ಮನೆಯ ಗೋಡೆಗೆ ಅದುರು ಹೋಗುವುದು ಇದರಿಂದ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಗೆದ್ದಲು. ಗೋಡೆಗೆ ತಾಗಿದ ಪ್ಲೈಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಪದರ ಮುಗಿದಿರುತ್ತದೆ. ಆ 6 ಇಂಚು ನೆಲ ಬರಿದಾಗಿದ್ದರೆ ಮಣ್ಣಿನ ದಾರಿ ಕಟ್ಟಿದ್ದು ಆವತ್ತೇ ಕಾಣುತ್ತದೆ.

ರಬ್ಬರ್ ಮೊದಲು, ಪ್ಲೈ ಆಮೇಲೆ

ಮೇಲ್ಪದರದಲ್ಲಿ ಮರ ಮತ್ತು ರಬ್ಬರ್ ಒಂದೇ ಮಟ್ಟಕ್ಕೆ ಬರಬೇಕು. ರಬ್ಬರ್ 1-2 ಮಿ.ಮೀ. ಮೇಲಿದ್ದರೆ ಪರವಾಗಿಲ್ಲ, ಕೆಳಗಿದ್ದರೆ ಓರೆಯಾಗಿ ಬಿದ್ದ ಪ್ಲೇಟ್ ಮರದ ಅಂಚನ್ನು ಚಚ್ಚುತ್ತದೆ. ಪ್ಲೈ ದಪ್ಪ 18 ಅಥವಾ 19 ಮಿ.ಮೀ., ಎರಡರಲ್ಲೊಂದು. ರಬ್ಬರ್ ಮಾತ್ರ ಹೇಳಿದ ದಪ್ಪಕ್ಕೂ ಕೊಟ್ಟ ದಪ್ಪಕ್ಕೂ ತಾಳೆಯಾಗುವುದು ಅಪರೂಪ. ಅದಕ್ಕೇ ರಬ್ಬರ್ ತಂದು, ವರ್ನಿಯರ್ ಇಟ್ಟು ಅಳೆದು, ಆಮೇಲೆ ಮೇಲಿನ ಪ್ಲೈ ಆರಿಸಿ.

ಎರಡು ಬಗೆಯ ರಬ್ಬರ್ ಸಿಗುತ್ತದೆ. ಜಿಮ್ ಟೈಲ್ ಅನ್ನುವುದು ಹಳೆಯ ಟಯರಿನ ಹರಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಮೃದು, ಸದ್ದು ಕಡಿಮೆ, ಆದರೆ ಒಂದೇ ಜಾಗದಲ್ಲಿ ಪ್ಲೇಟ್ ಬೀಳುತ್ತಿದ್ದರೆ ಹರಳು ಉದುರುತ್ತದೆ. ಇನ್ನೊಂದು ಕೊಟ್ಟಿಗೆಯಲ್ಲಿ ಆಕಳು, ಎಮ್ಮೆ ಮಲಗಲು ಹಾಸುವ ಗಟ್ಟಿ ರಬ್ಬರ್ ಮ್ಯಾಟ್. ಈ ಕೆಲಸಕ್ಕೆ ಇದೇ ಮೇಲು. ಹೈನುಗಾರಿಕೆ ಸಾಮಾನು ಮಾರುವಲ್ಲಿ ಸಿಗುತ್ತದೆ, ಸಾಮಾನ್ಯವಾಗಿ 6.5 ಅಥವಾ 7 ಅಡಿ ಉದ್ದ, 4 ಅಡಿ ಅಗಲ. ಕೊಳ್ಳುವಾಗ ಮಗುಚಿ ಹಾಕಿ ಕೆಳಮುಖ ನೋಡಲೇಬೇಕು. ನೀರು ಹರಿಯಲೆಂದು ಕೆಲವಕ್ಕೆ ಗುಂಡಿಯಂಥ ದಪ್ಪ ಕಾಲುಗಳಿರುತ್ತವೆ. ಆಕಳಿಗೆ ಒಳ್ಳೆಯದು, ನಮಗೆ ಅದೂ ಪೊಳ್ಳೇ. ಬಾರ್ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಪುಟಿಯುತ್ತದೆ. ಕೆಳಗೆ ಸಪಾಟಾಗಿರುವುದನ್ನು ಅಥವಾ ಸಣ್ಣ ಗೆರೆಗಳಷ್ಟೇ ಇರುವುದನ್ನು ಆರಿಸಿ.

ಒಂದು ಮ್ಯಾಟನ್ನು ಉದ್ದಕ್ಕೆ ಎರಡಾಗಿ ಸೀಳಿದರೆ 2 ಅಡಿಯ ಎರಡು ಪಟ್ಟಿ, ಎಡಕ್ಕೊಂದು ಬಲಕ್ಕೊಂದು. 7 ಅಡಿಯದಾದರೆ ಮುಂದೆ ಹಿಂದೆ ಉಳಿಯುವ 6 ಇಂಚುಗಳಿಗೆ ಪ್ಲೈ ತುಂಡು ಕೂರಿಸಿ, ಅಲ್ಲಿ ಪ್ಲೇಟ್ ಬೀಳುವುದಿಲ್ಲ. ಕೋಣೆ ಸಣ್ಣದಿದ್ದರೆ ಇಡೀ ಪ್ಲಾಟ್‌ಫಾರ್ಮಿನ ಉದ್ದವನ್ನೇ ಮ್ಯಾಟಿನ ಉದ್ದಕ್ಕೆ ಇಳಿಸಿ. ಅಗಲವನ್ನು ಮಾತ್ರ 8 ಅಡಿಗಿಂತ ಕಡಿಮೆ ಮಾಡಬೇಡಿ.

ಸೀಳುವುದಕ್ಕೆ ಯಂತ್ರ ಬೇಡ. ಕಬ್ಬಿಣದ ಪಟ್ಟಿಯನ್ನು ಗೆರೆಗೆ ಒತ್ತಿ ಹಿಡಿದು, ಹೊಸ ಬ್ಲೇಡಿನ ದಪ್ಪ ಕಟರನ್ನು ಸಾಬೂನು ನೀರಿನಲ್ಲಿ ಅದ್ದುತ್ತ ಏಳೆಂಟು ಸಲ ಎಳೆಯಬೇಕು. ಮೊದಲ ಎಳೆತ ಬರೀ ಗೆರೆ ಮೂಡಿಸಲಿ. ಎರಡನೆಯದಕ್ಕೆ ಮೊದಲು ಮ್ಯಾಟಿನ ಕೆಳಗೆ, ಗೆರೆಯ ನೇರಕ್ಕೆ, ಒಂದು ರೀಪು ತೂರಿಸಿ. ಸೀಳು ತಾನೇ ಬಾಯಿ ತೆರೆಯುತ್ತದೆ, ಬ್ಲೇಡು ಸಿಕ್ಕಿಕೊಳ್ಳುವುದಿಲ್ಲ. ಒಂದೇ ಸಲಕ್ಕೆ ಬಲ ಹಾಕಿದರೆ ಬ್ಲೇಡು ಓರೆಯಾಗಿ ಕೆಳಗಿನ ಅಂಚು ಹಾವಿನ ಹಾಗೆ ಬರುತ್ತದೆ. ವಾಸನೆ ಹೋಗಲು ಸಾಬೂನಿನಲ್ಲಿ ತೊಳೆದು ಒಂದು ವಾರ ನೆರಳಿನ ಗಾಳಿಗೆ ಹಾಕಿ. ಬಿಸಿಲಿಗೆ ಹಾಕಿದರೆ ವಾಸನೆ ಬೇಗ ಹೋಗಬಹುದು, ರಬ್ಬರೂ ಬೇಗ ಸಾಯುತ್ತದೆ.

ಪ್ಲೈ 8 × 4 ಅಡಿಯ ಹಾಳೆ ಐದು: ಕೆಳಗೆ ಎರಡು, ನಡುವೆ ಎರಡು, ಮೇಲೆ ಒಂದು. ನೆಲಕ್ಕೆ ತಾಗುವ ಎರಡು ಹಾಳೆ ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆಯವು, ಐಎಸ್ 710 ಗುರುತಿನವು ಇರಲಿ. ನಡುವಿನವು ತೇವವನ್ನಷ್ಟೇ ತಡೆಯುವ, ಐಎಸ್ 303ರ ಎಂಆರ್ ದರ್ಜೆಯವಾದರೂ ಆದೀತು, ದುಡ್ಡು ಉಳಿಸುವುದಿದ್ದರೆ ಇಲ್ಲಿ ಉಳಿಸಿ. ಅಂಗಡಿಯಲ್ಲಿ ಹಾಳೆಯ ನಾಲ್ಕೂ ಅಂಚು ನೋಡಿ, ಒಳಪದರಗಳ ನಡುವೆ ಸೂಜಿ ತೂರುವಷ್ಟು ಸಂದಿಯಿದ್ದರೆ ಪಕ್ಕಕ್ಕಿಡಿ. ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋಗಿ, ಸದ್ದು ಒಡೆದು ಕೇಳುವ ಜಾಗದಲ್ಲಿ ಒಳತಿರುಳು ತಪ್ಪಿದೆ ಎಂದೇ ಅರ್ಥ.

ಬ್ಲಾಕ್‌ಬೋರ್ಡ್ ಅಗ್ಗ ಎಂದು ತರಬೇಡಿ, ಅದರೊಳಗೆ ಮರದ ಪಟ್ಟಿಗಳ ನಡುವೆ ಸಂದು ಇದ್ದೇ ಇರುತ್ತದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಂದು ಮಳೆಗಾಲದ ತೇವಕ್ಕೆ ಉಬ್ಬುತ್ತವೆ. ಸೆಂಟ್ರಿಂಗಿನಲ್ಲಿ ಬಳಸಿ ಬಿಟ್ಟ ಪ್ಲೈ ಡೊಂಕಾಗಿರುತ್ತದೆ. ಹೊಸ ಸೆಂಟ್ರಿಂಗ್ ಪ್ಲೈ ಕೆಳಪದರಕ್ಕೆ ಚೆನ್ನ, ಆದರೆ ಮೇಲಕ್ಕೆ ಬೇಡ. ಅದರ ನುಣುಪು ಹೊದಿಕೆ ಬೆವರು ಬಿದ್ದರೆ ಜಾರುತ್ತದೆ.

ಕೂರಿಸುವುದು

ಪ್ಲೈ ಹಾಳೆಗಳನ್ನು ಅದೇ ಕೋಣೆಯಲ್ಲಿ ಮಲಗಿಸಿ ಮೂರ್ನಾಲ್ಕು ದಿನ ಬಿಡಿ. ಕೆಳಗಿನ ಎರಡು ಹಾಳೆಗಳ ಅಂಚು ಮತ್ತು ಕೆಳಮುಖಕ್ಕೆ ಮರದ ಗೆದ್ದಲು ನಿರೋಧಕ ಎರಡು ಕೋಟು ಬಳಿಯಿರಿ. ನೆಲಕ್ಕೆ ದಪ್ಪ ಕಪ್ಪು ಪಾಲಿಥೀನ್ ಹಾಸಿ. ಅದರ ಅಂಚನ್ನು ಮೇಲಕ್ಕೆ ಮಡಚಬೇಡಿ, ಮಡಚಿದರೆ ಮೇಲಿಂದ ಬಿದ್ದ ನೀರು ಹೊರಹೋಗದೆ ಅಲ್ಲೇ ನಿಲ್ಲುತ್ತದೆ.

ಮೊದಲ ಎರಡು ಹಾಳೆ ಅಕ್ಕಪಕ್ಕ, ಸಂದು ಮುಂದಿನಿಂದ ಹಿಂದಕ್ಕೆ. ನಡುವೆ 2 ಮಿ.ಮೀ. ಬಿಡಿ. ಹತ್ತಿ ನಡೆದು ನೋಡಿ. ಮೂಲೆ ಕುಣಿದರೆ ಬಿಚ್ಚಿ ಕೆಳಗೆ ಫೆಲ್ಟ್ ಸೇರಿಸುವುದಕ್ಕೆ ಇದೇ ಕೊನೆಯ ಅವಕಾಶ. ಎರಡನೆಯ ಪದರವನ್ನು ಅಡ್ಡಕ್ಕೆ ಹಾಸಿ, ಸಂದು ಎಡದಿಂದ ಬಲಕ್ಕೆ ಬರಲಿ. ಇವೆರಡನ್ನು 30 ಅಥವಾ 32 ಮಿ.ಮೀ. ಸ್ಕ್ರೂಗಳಿಂದ, 3 ಮಿ.ಮೀ. ತೂತು ಮೊದಲೇ ಕೊರೆದು, ಅಡಿಗೊಂದರಂತೆ ಬಿಗಿಯಿರಿ. ತಲೆ ಹಾಳೆಯೊಳಗೆ 2 ಮಿ.ಮೀ. ಇಳಿಯಬೇಕು.

ಹೊರ ಅಂಚಿನಿಂದ 5ನೇ ಇಂಚಿನಿಂದ 22ನೇ ಇಂಚಿನವರೆಗೆ ಎರಡೂ ಬದಿಯಲ್ಲಿ ಪ್ಲೇಟ್ ಬೀಳುವ ಜಾಗ. ಅಲ್ಲಿ ಸ್ಕ್ರೂ ಹಾಕಬೇಡಿ, ಪ್ರತಿ ಏಟಿಗೂ ಅದು ಒಂದು ಎಳೆ ಸಡಿಲಾಗುತ್ತ ಕೊನೆಗೆ ರಬ್ಬರಿಗೆ ತಲೆ ಚುಚ್ಚುತ್ತದೆ. ಆ ಪಟ್ಟಿಗೆ ಮರದ ಅಂಟು ಹಚ್ಚಿ, ಒಣಗುವವರೆಗೆ ಮೇಲೆ ಪ್ಲೇಟುಗಳನ್ನೇ ಹೇರಿ. ಬಾಡಿಗೆ ಮನೆಯಾಗಿದ್ದು ಮುಂದೆ ಬಿಚ್ಚಬೇಕೆಂದಿದ್ದರೆ ಅಂಟು ಬಿಟ್ಟು, ಪಟ್ಟಿಯ ಎರಡೂ ಅಂಚಿಗೆ ಸ್ಕ್ರೂ ಸಾಲನ್ನು 6 ಇಂಚಿಗೊಂದರಂತೆ ದಟ್ಟ ಮಾಡಿ. ಐದು ಹಾಳೆಯ ಕೆಲಸಕ್ಕೆ ಈ ಸ್ಕ್ರೂ ನೂರರ ಒಂದು ಡಬ್ಬಿ, ಮೇಲ್ಪದರದ್ದು ಅರ್ಧ ಡಬ್ಬಿ ಸಾಕು.

ಮೇಲಿನ ಹಾಳೆ ನಡುವೆ, ಉದ್ದಕ್ಕೆ. ಎಡಬಲ ಸರಿಯಾಗಿ 2 ಅಡಿ ಉಳಿಯಬೇಕು. ಇದಕ್ಕೆ 38 ಮಿ.ಮೀ. ಸ್ಕ್ರೂ. 50ರದ್ದು ಹಾಕಿದರೆ ಬಿಗಿ ಹೆಚ್ಚು ಎನಿಸುತ್ತದೆ, ಆದರೆ ಮೂರು ಹಾಳೆ ಸೇರಿ 54 ಮಿ.ಮೀ.; ಹಾಳೆ ಒಂದೊಂದು ಮಿ.ಮೀ. ತೆಳುವಿದ್ದು ತಲೆ 2-3 ಮಿ.ಮೀ. ಒಳಗಿಳಿದರೆ ಮೊನೆ ಕೆಳಗೆ ಹೊರಬಂದು ಇಡೀ ಪ್ಲಾಟ್‌ಫಾರ್ಮನ್ನು ನೆಲದಿಂದ ಎತ್ತಿ ಹಿಡಿಯುತ್ತದೆ. ಈ ಹಾಳೆಗೆ ಯಾವ ಕಾರಣಕ್ಕೂ ಅಂಟು ಬೇಡ, ಸವೆದಾಗ ಬದಲಿಸುವುದು ಇದನ್ನೇ.

ರಬ್ಬರ್ ಪಟ್ಟಿಯನ್ನು ಜಾಗಕ್ಕಿಂತ 2 ಮಿ.ಮೀ. ಕಡಿಮೆ ಕತ್ತರಿಸಿ. ಬಿಗಿಯಾಗಿ ತುರುಕಿದರೆ ಏಪ್ರಿಲ್-ಮೇ ಶೆಕೆಗೆ ಹಿಗ್ಗಿ ನಡುವೆ ಗುಳ್ಳೆಯೇಳುತ್ತದೆ. ಮೂಲೆಗಳಿಗೆ ಎರಡು ಮುಖದ ಟೇಪು ಸಾಕು.

ಚೌಕಟ್ಟು

ಏಟಿಗೆ ರಬ್ಬರ್ ದಿನೇ ದಿನೇ ಹೊರಗೆ ಸರಿಯುತ್ತದೆ, ಅದನ್ನು ತಡೆಯಲು ಸುತ್ತ ಕಬ್ಬಿಣ ಬೇಕು. ಫ್ಯಾಬ್ರಿಕೇಶನ್ ಅಂಗಡಿಯವರು ಎಲ್ ಆ್ಯಂಗಲಿನಲ್ಲಿ ಮಾಡಿಕೊಡುತ್ತಾರೆ. ಅದರ ಮಲಗಿದ ಕಾಲು ಪ್ಲೈ ಕೆಳಗೆ ಹೋಗುತ್ತದೆ, ಅಂಚು 5 ಮಿ.ಮೀ. ಎದ್ದು ನಡುವೆಲ್ಲ ಗಾಳಿ ತುಂಬುತ್ತದೆ. ಅಷ್ಟು ಕಷ್ಟಪಟ್ಟು ಮಟ್ಟ ಮಾಡಿದ ನೆಲ ದಂಡ. 50 × 5 ಮಿ.ಮೀ. ಚಪ್ಪಟೆ ಪಟ್ಟಿಯನ್ನೇ ಕೇಳಿ. ನಾಲ್ಕು ಬದಿಗೆ ಸುಮಾರು 10 ಮೀಟರ್, 20 ಕೆ.ಜಿ. ಒಳ ಅಳತೆ 2,446 ಮಿ.ಮೀ. ಇರಲಿ. ಮೂಲೆಗಳಲ್ಲಿ ಹೊರಗಡೆಯಿಂದ 2 ಇಂಚಿನ ಆ್ಯಂಗಲ್ ತುಂಡು ನಿಲ್ಲಿಸಿ, ಪ್ರತಿ ಬದಿಗೆ 8 ಮಿ.ಮೀ.ನ ಎರಡು ಬೋಲ್ಟು. ಒಳಮುಖದ ತಲೆ ಪಟ್ಟಿಯ ಮಟ್ಟಕ್ಕೆ ಇಳಿದಿರಬೇಕು. ಪಟ್ಟಿ ಪ್ಲೈಗಿಂತ 4-5 ಮಿ.ಮೀ. ಕೆಳಗೇ ಉಳಿಯುತ್ತದೆ, ಅದು ಸರಿ. ವೆಲ್ಡಿಂಗ್ ಬೇಡ: 8 ಅಡಿ ಚೌಕಟ್ಟು 3 ಅಡಿ ಬಾಗಿಲಲ್ಲಿ ತೂರುವುದಿಲ್ಲ ಎಂಬುದು ಅಂಗಡಿಯಿಂದ ಟೆಂಪೋದಲ್ಲಿ ತಂದ ಮೇಲೇ ಬಹಳ ಜನರಿಗೆ ಹೊಳೆಯುತ್ತದೆ.

ಮೇಲ್ಮೈ

ಹೊಳೆಯುವ ವಾರ್ನಿಷ್ ಬೇಡ, ಕಾಲು ಜಾರುತ್ತದೆ. ಮ್ಯಾಟ್ ಪಾಲಿಯುರೆಥೇನ್ ತೆಳ್ಳಗೆ ಎರಡು ಕೋಟು ಸಾಕು. ಅಗಸೆ ಎಣ್ಣೆ ಇನ್ನೂ ಚೆನ್ನ, ಹಿಡಿತ ಉಳಿಯುತ್ತದೆ, ಸವೆದಲ್ಲಿ ಮತ್ತೆ ಒರೆಸಿದರಾಯಿತು. ಆದರೆ ಗಾಣದಿಂದ ತಂದ ಅಡುಗೆಯ ಅಗಸೆ ಎಣ್ಣೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಬಣ್ಣದ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಎಣ್ಣೆ ತನ್ನಿ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ.

ಮೊದಲ ತಿಂಗಳು

ಬರಿಗಾಲಲ್ಲಿ ಹಿಮ್ಮಡಿ ಕುಟ್ಟುತ್ತ ಎಲ್ಲ ಕಡೆ ನಡೆಯಿರಿ, ಸದ್ದು ಒಂದೇ ತೆರನಾಗಿರಬೇಕು. ಬಾರಿಗೆ 10 ಕೆ.ಜಿ. ಪ್ಲೇಟ್ ಹಾಕಿ ನಡುವೆ ಬಿಟ್ಟರೆ ಉರುಳದೆ ನಿಲ್ಲಬೇಕು. ಆಮೇಲೆ 40 ಕೆ.ಜಿ. ಮೊಣಕಾಲಿನಿಂದ, ಸೊಂಟದಿಂದ, ಕೊನೆಗೆ ತಲೆಯ ಮೇಲಿಂದ. ಇದು ಬಂಪರ್ ಪ್ಲೇಟಿನ ಮಾತು. 450 ಮಿ.ಮೀ. ವ್ಯಾಸದ ರಬ್ಬರ್ ಬಂಪರಿಗೆ ಮಾತ್ರ ಈ ಪ್ಲಾಟ್‌ಫಾರ್ಮ್. ಬೀಡುಕಬ್ಬಿಣದ ಪ್ಲೇಟ್ ತಲೆಯ ಮೇಲಿಂದ ಬಿಟ್ಟರೆ ಅದರ ಚೂಪು ಅಂಚು ರಬ್ಬರನ್ನು ಕೊಯ್ಯುತ್ತದೆ, ಪ್ಲೇಟೂ ಸೀಳಬಹುದು. ತೆಳುವಾದ 5 ಕೆ.ಜಿ. ಬಂಪರ್ ಒಂದು ಜೊತೆಯನ್ನಷ್ಟೇ ಹಾಕಿ ಮೇಲಿಂದ ಎಸೆದರೆ ಅದು ಬಾಗುತ್ತದೆ.

ತಿಂಗಳ ಕೊನೆಗೆ ಮೇಲಿನ ಸ್ಕ್ರೂಗಳನ್ನೆಲ್ಲ ಕೈಯಿಂದ ಕಾಲು ಸುತ್ತು ಬಿಗಿ ಮಾಡಿ, ಡ್ರಿಲ್ಲಿನಿಂದ ಬೇಡ, ತಿರುಪು ಹರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ರಬ್ಬರ್ ಎತ್ತಿ ಕೆಳಗೆ ತೇವ ಇದೆಯೇ ನೋಡಿ, ಒರೆಸಿ, ಅರ್ಧ ದಿನ ಗಾಳಿಗೆ ಬಿಟ್ಟು ಮತ್ತೆ ಹಾಸಿ. ಎಡ ಪಟ್ಟಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಿಂದುಮುಂದಾಗಿ ಬದಲಿಸಿದರೆ ತಗ್ಗು ಬಿದ್ದ ಜಾಗ ಬೇರೆ ಕಡೆ ಹೋಗಿ ಮ್ಯಾಟ್ ಇನ್ನಷ್ಟು ವರ್ಷ ಬರುತ್ತದೆ.